ಹಿಮದ ರಸ್ತೆಯಲ್ಲಿ ರಿಯರ್ ವೀಲ್ ಡ್ರೈವ್ ಕಾರು ಓಡಿಸುವುದು ಹೇಗೆ?

ಚಳಿ ಶುರುವಾಯಿತು ಅಂದರೆ ಸಾಕು, ಈ ಪ್ರಶ್ನೆ ಬಂದೇ ಬರುತ್ತದೆ. "ನನ್ನದು ರಿಯರ್ ವೀಲ್ ಡ್ರೈವ್ ಕಾರು. ಹಿಮ ಬಿದ್ದಾಗ ಓಡಿಸಬಹುದಾ? ಇಲ್ಲ, ಚಳಿಗಾಲ ಮುಗಿಯುವವರೆಗೆ ಮುಚ್ಚಿಡಬೇಕಾ?" ಕೇಳುವವರಲ್ಲಿ ಹೆಚ್ಚಿನವರು ಹಿಮದ ಮೇಲೆ ಮೊದಲ ಸಲ ಗಾಡಿ ಓಡಿಸಲು ಹೊರಟವರು. ಯಾರೋ ಒಬ್ಬರು "ಅಯ್ಯೋ ಆ ಕಾರಾ? ಹಿಮದಲ್ಲಿ ಬುಗುರಿ ತರ ತಿರುಗುತ್ತೆ" ಎಂದು ಹೆದರಿಸಿಯೂ ಇರುತ್ತಾರೆ.

ಓಡಿಸಬಹುದು. ಮುಂಚಕ್ರ ಎಳೆಯುವ ಕಾರುಗಳು ಎಲ್ಲೆಡೆ ಹರಡಿದ್ದು 1970-80ರ ದಶಕಗಳಲ್ಲಿ. ಅದಕ್ಕೂ ಮುಂಚೆ ಹಿಮದ ದೇಶಗಳಲ್ಲೂ ಜನ ಹೆಚ್ಚಾಗಿ ಓಡಿಸುತ್ತಿದ್ದದ್ದು ಹಿಂಚಕ್ರದ ಕಾರುಗಳನ್ನೇ. ಆದರೆ ಎರಡು ವಿಷಯ ಸರಿಯಿರಬೇಕು. ಒಂದು ಟೈರ್, ಇನ್ನೊಂದು ನಿಮ್ಮ ಬಲಗಾಲು. ಉಳಿದದ್ದೆಲ್ಲ ಇವೆರಡರ ನಂತರ.

ಮೊದಲು, ಹಿಂಭಾಗ ಯಾಕೆ ಜಾರುತ್ತದೆ?

ರಿಯರ್ ವೀಲ್ ಡ್ರೈವ್ ಅಂದರೆ ಎಂಜಿನ್ನಿನ ಶಕ್ತಿ ಹಿಂದಿನ ಎರಡು ಚಕ್ರಗಳಿಗೆ ಹೋಗುತ್ತದೆ. ಹಿಂದಿನವು ತಳ್ಳುತ್ತವೆ, ಮುಂದಿನವು ದಿಕ್ಕು ತೋರಿಸುತ್ತವೆ. ಒಣ ರಸ್ತೆಯಲ್ಲಿ ಇದು ಒಳ್ಳೆಯ ಹಂಚಿಕೆ. ಹಿಮದಲ್ಲಿ ತೊಂದರೆ ಎರಡು. ಎಂಜಿನ್ ಮುಂದಿರುವ ಕಾರಿನಲ್ಲಿ ತಳ್ಳುವ ಚಕ್ರಗಳ ಮೇಲೆ ಭಾರ ಕಡಿಮೆ. ಖಾಲಿ ಪಿಕಪ್ ಗಾಡಿಯಲ್ಲಂತೂ ತೀರಾ ಕಡಿಮೆ. ಹಾಗಾಗಿ ಚಕ್ರ ನೆಲ ಕಚ್ಚದೆ ನಿಂತಲ್ಲೇ ತಿರುಗುತ್ತದೆ. ಎರಡನೆಯದು ಇನ್ನೂ ಮುಖ್ಯ. ಹಿಂದಿನ ಚಕ್ರ ಹಿಡಿತ ಕಳೆದುಕೊಂಡರೆ ಅದು ಮುಂದಕ್ಕೆ ತಳ್ಳುವುದನ್ನಷ್ಟೇ ಬಿಡುವುದಿಲ್ಲ, ಪಕ್ಕಕ್ಕೂ ಹೊರಟುಬಿಡುತ್ತದೆ.

ಒಂದು ಕೊಡ ನೀರಿದೆ ಅಂದುಕೊಳ್ಳಿ. ಗಿಡಕ್ಕೆ ಸುರಿದದ್ದು ಪಾತ್ರೆ ತೊಳೆಯಲು ಉಳಿಯುವುದಿಲ್ಲ. ಟೈರ್ ಹಿಡಿತವೂ ಹಾಗೆಯೇ. ವೇಗ ಹೆಚ್ಚಿಸಲು, ಬ್ರೇಕ್ ಹಾಕಲು, ತಿರುವಿನಲ್ಲಿ ಪಕ್ಕಕ್ಕೆ ಜಾರದಂತೆ ನಿಲ್ಲಲು, ಈ ಮೂರಕ್ಕೂ ಅದೇ ಒಂದು ಕೊಡ. ಒಣ ರಸ್ತೆಯಲ್ಲಿ ಕೊಡ ತುಂಬಿರುತ್ತದೆ. ಹಿಮದಲ್ಲಿ ತಳದಲ್ಲಿ ಸ್ವಲ್ಪ ಮಾತ್ರ. ತಿರುವಿನಲ್ಲಿದ್ದಾಗ ಎಕ್ಸಿಲರೇಟರ್ ಒತ್ತಿದಿರಿ ಅಂದರೆ ಹಿಂಚಕ್ರದ ಪಾಲಿನ ನೀರೆಲ್ಲ ತಳ್ಳುವುದಕ್ಕೇ ಖರ್ಚಾಗಿ ಪಕ್ಕಕ್ಕೆ ಹಿಡಿದು ನಿಲ್ಲಲು ಏನೂ ಉಳಿಯುವುದಿಲ್ಲ. ಕೆಳಗೆ ಹೇಳುವ ಎಲ್ಲ ಹಂತಗಳ ಹಿಂದೆಯೂ ಇದೇ ಲೆಕ್ಕ ಇದೆ.

1. ಟೈರ್: ನಾಲ್ಕಕ್ಕೂ ಚಳಿಗಾಲದ ಟೈರ್ ಹಾಕಿಸಿ

ಇದೊಂದನ್ನು ಮಾಡದಿದ್ದರೆ ಮುಂದಿನದನ್ನು ಓದಿಯೂ ಹೆಚ್ಚು ಪ್ರಯೋಜನವಿಲ್ಲ. ಬೇಸಿಗೆ ಟೈರಿನ ನಾಲ್ಕು ಚಕ್ರ ಡ್ರೈವ್ ಕಾರಿಗಿಂತ, ಒಳ್ಳೆಯ ಚಳಿಗಾಲದ ಟೈರಿನ ಹಿಂಚಕ್ರ ಡ್ರೈವ್ ಕಾರನ್ನೇ ನಾನು ಆರಿಸಿಕೊಳ್ಳುತ್ತೇನೆ. ಕಾರಣ ಸರಳ. ನಾಲ್ಕು ಚಕ್ರಕ್ಕೆ ಶಕ್ತಿ ಹೋದರೆ ಹೊರಡುವುದು ಸುಲಭ. ನಿಲ್ಲುವುದಕ್ಕೆ ಅದರಿಂದ ಏನೂ ಸಹಾಯವಿಲ್ಲ. ಬ್ರೇಕ್ ಎಲ್ಲ ಕಾರಿನಲ್ಲೂ ನಾಲ್ಕು ಚಕ್ರಕ್ಕೇ ಇರುತ್ತದೆ, ಅಲ್ವಾ? ಕಾರನ್ನು ನಿಲ್ಲಿಸುವುದು ಟೈರ್.

ಸಾಮಾನ್ಯ ಟೈರಿನ ರಬ್ಬರ್ ಸುಮಾರು 7 ಡಿಗ್ರಿ ಸೆಲ್ಸಿಯಸ್‌ಗಿಂತ ಕೆಳಗೆ ಬಿಗಿಯಾಗುತ್ತಾ ಹೋಗುತ್ತದೆ. ಹಿಮವೇ ಬೇಕಿಲ್ಲ, ಬರೀ ಚಳಿ ಸಾಕು. ಚಳಿಗಾಲದ ಟೈರಿನ ರಬ್ಬರ್ ಅಂಥ ಚಳಿಯಲ್ಲೂ ಮೆತ್ತಗೇ ಇರುತ್ತದೆ. ಅದರ ಮೈಯನ್ನು ಹತ್ತಿರದಿಂದ ನೋಡಿ. ದಪ್ಪ ತೋಡುಗಳ ನಡುವಿನ ಒಂದೊಂದು ರಬ್ಬರ್ ಗಟ್ಟಿಯ ಮೇಲೂ ಬ್ಲೇಡಿನಿಂದ ಗೀರಿದಂತೆ ಅಂಕುಡೊಂಕಾದ ಸಣ್ಣ ಸೀಳುಗಳು ಕಾಣುತ್ತವೆ. ಇವಕ್ಕೆ ಸೈಪ್ ಎನ್ನುತ್ತಾರೆ. ಚಕ್ರ ಉರುಳುವಾಗ ಈ ಸೀಳುಗಳು ಬಾಯಿ ಬಿಟ್ಟು, ನೂರಾರು ಸಣ್ಣ ಅಂಚುಗಳಾಗಿ ಹಿಮವನ್ನು ಕಚ್ಚುತ್ತವೆ.

ಕೊಳ್ಳುವಾಗ ಟೈರಿನ ಪಕ್ಕದಲ್ಲಿ ಒಂದು ಗುರುತು ಹುಡುಕಿ. ಮೂರು ಶಿಖರದ ಬೆಟ್ಟ, ಅದರೊಳಗೆ ಹಿಮದ ಹರಳು. ಹಿಮದಲ್ಲಿ ಪರೀಕ್ಷೆ ಮಾಡಿ ಪಾಸಾದ ಟೈರಿಗೆ ಮಾತ್ರ ಈ ಗುರುತು ಸಿಗುತ್ತದೆ. "ಎಂ ಪ್ಲಸ್ ಎಸ್" ಎಂಬ ಅಕ್ಷರಗಳು ಇನ್ನೂ ಎಷ್ಟೋ ಟೈರುಗಳ ಮೇಲಿರುತ್ತವೆ. ಕೆಸರು ಮತ್ತು ಹಿಮ ಎಂದು ಅದರ ಅರ್ಥ. ಆದರೆ ಅದಕ್ಕೆ ಹಿಮದ ಪರೀಕ್ಷೆ ಪಾಸಾಗಬೇಕೆಂದಿಲ್ಲ. ಅದೊಂದನ್ನೇ ನಂಬಬೇಡಿ. ಜರ್ಮನಿಯಲ್ಲಿ 2024ರ ಅಕ್ಟೋಬರ್‌ನಿಂದ ಹಿಮದ ರಸ್ತೆಗೆ ಬೆಟ್ಟದ ಗುರುತಿನ ಟೈರ್ ಮಾತ್ರ ನಡೆಯುತ್ತದೆ, ಬರೀ ಅಕ್ಷರಗಳಿದ್ದರೆ ಸಾಲದು.

ಜನ ಮಾಡುವ ತಪ್ಪುಗಳು ಇಲ್ಲೇ ಜಾಸ್ತಿ, ಒಂದೊಂದಾಗಿ ಹೇಳುತ್ತೇನೆ.

ತಳ್ಳುವುದು ಹಿಂಚಕ್ರ, ಹಾಗಾಗಿ ಹಿಂದಕ್ಕೆ ಎರಡು ಹಾಕಿದರೆ ಸಾಕು ಎಂದು ದುಡ್ಡು ಉಳಿಸುವವರಿದ್ದಾರೆ. ದಯವಿಟ್ಟು ಬೇಡ. ಕಾರು ಚೆನ್ನಾಗಿ ಹೊರಡುತ್ತದೆ, ಆದರೆ ಮುಂಚಕ್ರ ತಿರುಗಿಸಿದರೆ ತಿರುಗುವುದಿಲ್ಲ. ಬ್ರೇಕ್ ಒತ್ತಿದಾಗ ಭಾರವೆಲ್ಲ ಮುಂದಕ್ಕೆ ಬರುತ್ತದೆ, ಅಲ್ಲೇ ಹಿಡಿತ ಇರುವುದಿಲ್ಲ. ನಾಲ್ಕಕ್ಕೂ ಒಂದೇ ಜಾತಿಯ ಟೈರ್ ಇರಲೇಬೇಕು.

ಅಗಲದ ಟೈರ್ ಒಳ್ಳೆಯದು ಎನ್ನುವುದು ಎರಡನೆಯ ತಪ್ಪು. ಅಗಲದ ಟೈರ್ ಹಿಮದ ಮೇಲೆ ತೇಲುತ್ತದೆ. ಸ್ವಲ್ಪ ಕಿರಿದಾದದ್ದು ಹಿಮವನ್ನು ಸೀಳಿಕೊಂಡು ಕೆಳಗಿಳಿಯುತ್ತದೆ. ಕಾರಿನ ಕೈಪಿಡಿಯಲ್ಲಿ ಒಪ್ಪಿಗೆಯಿರುವ ಅಳತೆಗಳಲ್ಲಿ ಕಿರಿದಾದದ್ದನ್ನು ಆರಿಸಿ.

ಸವೆದ ಟೈರ್ ಮೂರನೆಯದು. ಯುರೋಪಿನ ಕಾನೂನಿನಲ್ಲಿ ತೋಡಿನ ಆಳ 1.6 ಮಿಲಿಮೀಟರ್ ಇದ್ದರೂ ನಡೆಯುತ್ತದೆ. ಹಿಮಕ್ಕೆ ಅದು ಏನೇನೂ ಸಾಲದು. ಆಸ್ಟ್ರಿಯಾದಲ್ಲಿ ಚಳಿಗಾಲದ ಟೈರ್ ಎಂದು ಒಪ್ಪಲು ಕನಿಷ್ಠ 4 ಮಿಲಿಮೀಟರ್ ಬೇಕು. ಕಾನೂನು ಎಲ್ಲಿ ಏನೇ ಹೇಳಲಿ, ನೀವು ಆ 4ನ್ನೇ ಗೆರೆಯಾಗಿ ಇಟ್ಟುಕೊಳ್ಳಿ. ವಯಸ್ಸನ್ನೂ ನೋಡಿ. ಟೈರಿನ ಪಕ್ಕದಲ್ಲಿ ನಾಲ್ಕು ಅಂಕಿಗಳ ಒಂದು ಗುಂಪು ಇರುತ್ತದೆ. 2319 ಎಂದಿದ್ದರೆ 2019ರ 23ನೇ ವಾರದಲ್ಲಿ ತಯಾರಾದದ್ದು. ಹಳೆಯದಾದಷ್ಟೂ ರಬ್ಬರ್ ಗಟ್ಟಿಯಾಗುತ್ತದೆ, ತೋಡು ಎಷ್ಟೇ ಆಳವಿರಲಿ.

ಇನ್ನು ಗಾಳಿ. ಹೊರಗಿನ ಉಷ್ಣತೆ ಸುಮಾರು 5-6 ಡಿಗ್ರಿ ಇಳಿದರೆ ಟೈರಿನ ಗಾಳಿ ಹತ್ತಿರ ಹತ್ತಿರ 1 ಪಿಎಸ್‌ಐ ಇಳಿಯುತ್ತದೆ. 25 ಡಿಗ್ರಿ ಇದ್ದಾಗ ತುಂಬಿಸಿದ ಟೈರ್ ಮೈನಸ್ 10ಕ್ಕೆ ಬಂದಾಗ 6 ಪಿಎಸ್‌ಐ ಕಡಿಮೆ ತೋರಿಸುತ್ತದೆ. ಚಳಿಗಾಲದಲ್ಲಿ ಎರಡು ವಾರಕ್ಕೊಮ್ಮೆ, ಗಾಡಿ ಓಡಿಸುವ ಮುಂಚೆ, ಟೈರ್ ತಣ್ಣಗಿರುವಾಗ ನೋಡಿ. ಗಾಳಿ ಕಡಿಮೆ ಮಾಡಿದರೆ ಹಿಡಿತ ಹೆಚ್ಚುತ್ತದೆ ಎಂದು ಬೇಕೆಂದೇ ಇಳಿಸುವವರಿದ್ದಾರೆ. ಮಾಮೂಲಿ ರಸ್ತೆಯಲ್ಲಿ ಅದು ಬೇಡ. ಸ್ಟೇರಿಂಗ್ ಸಡಿಲಾಗುತ್ತದೆ, ಟೈರೂ ಹಾಳಾಗುತ್ತದೆ.

2. ಡಿಕ್ಕಿಯಲ್ಲಿ ತೂಕ ಇಡಬೇಕಾ?

ಹಿಂದಿನ ಚಕ್ರಗಳ ಮೇಲೆ ಭಾರ ಬಿದ್ದರೆ ಅವು ನೆಲ ಕಚ್ಚುತ್ತವೆ ಎನ್ನುವುದು ನಿಜ. ಖಾಲಿ ಪಿಕಪ್‌ಗೆ ಇದು ತುಂಬಾ ಉಪಯೋಗ. ಒಳ್ಳೆಯ ಟೈರ್ ಹಾಕಿದ ಸಾಮಾನ್ಯ ಕಾರಿಗೆ ಹೆಚ್ಚಾಗಿ ಬೇಕೇ ಆಗುವುದಿಲ್ಲ. ಹೊರಡಲು ಕಷ್ಟ ಅನ್ನಿಸಿದರೆ ಮಾತ್ರ 25ರಿಂದ 50 ಕಿಲೋ ಮರಳಿನ ಚೀಲ ಇಡಿ. ಮರಳೇ ಯಾಕೆಂದರೆ, ಸಿಕ್ಕಿಬಿದ್ದಾಗ ಅದನ್ನೇ ಚಕ್ರದ ಕೆಳಗೆ ಸುರಿಯಬಹುದು.

ಇಡುವ ಜಾಗ ಮುಖ್ಯ. ಹಿಂದಿನ ಆಕ್ಸಲ್ ಇದೆಯಲ್ಲ, ಎರಡು ಹಿಂಚಕ್ರಗಳನ್ನು ಜೋಡಿಸುವ ಅಡ್ಡ ದಂಡ, ಅದರ ನೇರ ಮೇಲೆ ಬರಬೇಕು. ಡಿಕ್ಕಿಯ ಕೊನೇ ತುದಿಗೆ ಇಟ್ಟರೆ ತಕ್ಕಡಿಯಂತೆ ಮುಂಭಾಗ ಮೇಲೇಳುತ್ತದೆ, ಸ್ಟೇರಿಂಗ್ ಹಿಡಿತ ತಪ್ಪುತ್ತದೆ. ಅಷ್ಟೇ ಅಲ್ಲ, ಒಮ್ಮೆ ಜಾರಿದರೆ ಹಿಂಭಾಗವನ್ನು ಆ ಭಾರವೇ ಇನ್ನಷ್ಟು ಬೀಸಿ ಎಳೆಯುತ್ತದೆ. ಚೀಲವನ್ನು ಕಟ್ಟಿ ಭದ್ರ ಮಾಡಿ. ಕಲ್ಲು, ಕಬ್ಬಿಣದ ತುಂಡು ಬೇಡವೇ ಬೇಡ. ಡಿಕ್ಕಿ ಹೊಡೆದಾಗ ಅವು ಹಿಂದಿನಿಂದ ನಿಮ್ಮ ತಲೆಯ ಕಡೆಗೇ ಬರುತ್ತವೆ.

3. ಹೊರಡುವ ಮುನ್ನ

ಗಾಜಿನ ಮೇಲಿನದಷ್ಟೇ ಅಲ್ಲ, ಇಡೀ ಕಾರಿನ ಹಿಮ ತೆಗೆಯಿರಿ. ಚಾವಣಿಯ ಮೇಲಿನ ಹಿಮ ಕಾರು ಬೆಚ್ಚಗಾದ ಮೇಲೆ, ನೀವು ಬ್ರೇಕ್ ಹಾಕಿದಾಗ, ದೊಪ್ಪೆಂದು ಮುಂದಿನ ಗಾಜಿನ ಮೇಲೆ ಬೀಳುತ್ತದೆ. ಏನೂ ಕಾಣುವುದಿಲ್ಲ. ಮುಂದಿನ ದೀಪ, ಹಿಂದಿನ ದೀಪ, ಕ್ಯಾಮೆರಾ ಎಲ್ಲ ಒರೆಸಿ. ಶೂ ತಳದ ಹಿಮವನ್ನೂ ಕೊಡವಿ ಒಳಗೆ ಕೂರಿ. ಪೆಡಲ್ ಮೇಲೆ ಒದ್ದೆ ಕಾಲು ಜಾರುತ್ತದೆ.

ಸೈಲೆನ್ಸರ್ ಪೈಪಿನ ಬಾಯಿ ನೋಡದೆ ಎಂಜಿನ್ ಶುರು ಮಾಡಬೇಡಿ. ಹಿಮ ಅದನ್ನು ಮುಚ್ಚಿದ್ದರೆ ಕಾರ್ಬನ್ ಮಾನಾಕ್ಸೈಡ್ ಎಂಬ ವಿಷದ ಅನಿಲ ಕಾರಿನೊಳಗೆ ಸೇರುತ್ತದೆ. ಅದಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ. ಗೊತ್ತಾಗುವ ಮುಂಚೆಯೇ ಜೀವ ಹೋಗುತ್ತದೆ.

ಡಿಕ್ಕಿಯಲ್ಲಿ ಒಂದು ಸಣ್ಣ ಸಲಿಕೆ, ಮರಳು, ದಪ್ಪ ಕೈಗವಸು, ಕಂಬಳಿ, ಟಾರ್ಚ್, ಕುಡಿಯುವ ನೀರು, ಬ್ಯಾಟರಿ ಜಂಪರ್ ಕೇಬಲ್, ಫೋನ್ ಚಾರ್ಜರ್ ಇರಲಿ. ಗಾಜು ತೊಳೆಯುವ ನೀರು ಹೆಪ್ಪುಗಟ್ಟದ ಜಾತಿಯದ್ದೇ ಆಗಿರಬೇಕು. ಟ್ಯಾಂಕ್ ಅರ್ಧಕ್ಕಿಂತ ಕೆಳಗೆ ಇಳಿಯದಂತೆ ನೋಡಿಕೊಳ್ಳಿ. ರಸ್ತೆ ಮುಚ್ಚಿ ಗಂಟೆಗಟ್ಟಲೆ ನಿಲ್ಲಬೇಕಾಗಿ ಬರಬಹುದು.

4. ಗಾಡಿ ಎತ್ತುವುದು

ಸ್ಟೇರಿಂಗ್ ನೇರ ಇರಲಿ. ಮುಂಚಕ್ರ ತಿರುಗಿಸಿಕೊಂಡೇ ಹೊರಟರೆ ಅದೇ ಒಂದು ತಡೆಯಾಗುತ್ತದೆ, ಹಿಂಚಕ್ರ ಇನ್ನೂ ಜೋರಾಗಿ ತಳ್ಳಬೇಕಾಗುತ್ತದೆ.

ಮ್ಯಾನುಯಲ್ ಗೇರ್ ಆದರೆ ಎರಡನೇ ಗೇರಿನಲ್ಲಿ ಎತ್ತಿ. ಮೊದಲ ಗೇರಿನಲ್ಲಿ ಚಕ್ರಕ್ಕೆ ಹೋಗುವ ತಿರುಚು ಬಲ ಹೆಚ್ಚು, ತಕ್ಷಣ ತಿರುಗಿಬಿಡುತ್ತದೆ. ಕ್ಲಚ್ ನಿಧಾನ ಬಿಡಿ. ಎಕ್ಸಿಲರೇಟರ್ ಮುಟ್ಟದೆಯೇ ಗಾಡಿ ಜರುಗಿದರೆ ತುಂಬಾ ಒಳ್ಳೆಯದು. ಆಟೋಮ್ಯಾಟಿಕ್ ಆದರೆ ಹಿಮದ ಚಿತ್ರವೋ "ವಿಂಟರ್" ಅಥವಾ "ಸ್ನೋ" ಎಂಬ ಗುಂಡಿಯೋ ಇದೆಯಾ ನೋಡಿ. ಅದೂ ಎರಡನೇ ಗೇರಿನಿಂದಲೇ ಹೊರಡಿಸುತ್ತದೆ, ಎಕ್ಸಿಲರೇಟರನ್ನೂ ಮಂದ ಮಾಡುತ್ತದೆ. "ಸ್ಪೋರ್ಟ್" ಗುಂಡಿಯ ಹತ್ತಿರ ಹೋಗಬೇಡಿ.

ಟ್ರ್ಯಾಕ್ಷನ್ ಕಂಟ್ರೋಲ್ ಅಂದರೆ ಚಕ್ರ ಸುಮ್ನೆ ತಿರುಗತೊಡಗಿದ ಕೂಡಲೇ ಎಂಜಿನ್ನಿನ ಶಕ್ತಿ ಕಡಿಮೆ ಮಾಡುವ ಅಥವಾ ಆ ಚಕ್ರಕ್ಕೆ ಬ್ರೇಕ್ ಹಾಕುವ ವ್ಯವಸ್ಥೆ. ಇದು ಆನ್ ಇರಲಿ. ಡ್ಯಾಶ್‌ಬೋರ್ಡಿನಲ್ಲಿ ಜಾರುವ ಕಾರಿನ ಚಿತ್ರ ಮಿನುಗಿದರೆ ಅದು ಕೆಲಸ ಮಾಡುತ್ತಿದೆ ಎಂದರ್ಥ. ನಿಮ್ಮ ಕಾಲು ಜಾಸ್ತಿಯಾಯಿತು ಎಂದೂ ಅರ್ಥ. ಕಾಲು ಹಗುರ ಮಾಡಿ.

5. ನಿಲ್ಲುವುದು

ಒಣ ಡಾಂಬರಿನ ಮೇಲೆ 50 ಕಿ.ಮೀ. ವೇಗದಿಂದ ಜೋರಾಗಿ ಬ್ರೇಕ್ ಹಾಕಿದರೆ ಕಾರು ಸುಮಾರು 13-14 ಮೀಟರಿನಲ್ಲಿ ನಿಲ್ಲುತ್ತದೆ. ಒತ್ತಾಗಿ ಕೂತ ಹಿಮದ ಮೇಲೆ ಅದೇ ವೇಗಕ್ಕೆ ಸುಮಾರು 40 ಮೀಟರ್ ಬೇಕು. ಮಂಜುಗಡ್ಡೆಯ ಮೇಲಾದರೆ 100 ಮೀಟರ್ ಹತ್ತಿರ. ಇದು ಬ್ರೇಕ್ ಹಿಡಿದ ಮೇಲಿನ ಲೆಕ್ಕ. ನಿಮ್ಮ ಕಾಲು ಪೆಡಲಿಗೆ ಹೋಗಲು ಒಂದು ಸೆಕೆಂಡ್ ಹಿಡಿದರೆ ಅಷ್ಟರಲ್ಲೇ ಇನ್ನೂ 14 ಮೀಟರ್ ಹೋಗಿರುತ್ತದೆ. ವೇಗವನ್ನು ಅರ್ಧ ಮಾಡಿದರೆ ನಿಲ್ಲುವ ದೂರ ಕಾಲು ಭಾಗಕ್ಕೆ ಇಳಿಯುತ್ತದೆ. 25 ಕಿ.ಮೀ. ವೇಗದಲ್ಲಿ ಅದೇ ಹಿಮದ ಮೇಲೆ 10 ಮೀಟರ್ ಸಾಕು. ನಿಧಾನ ಹೋಗಿ ಎಂದು ಎಲ್ಲರೂ ಹೇಳುವುದು ಇದಕ್ಕೇ.

ಮುಂದಿನ ಗಾಡಿಗೂ ನಿಮಗೂ ನಡುವೆ 8ರಿಂದ 10 ಸೆಕೆಂಡಿನ ಅಂತರ ಇರಲಿ. ಮುಂದಿನ ಗಾಡಿ ಒಂದು ಕಂಬ ದಾಟಿದಾಗ ಎಣಿಸಲು ಶುರು ಮಾಡಿ, ನೀವು ಅದೇ ಕಂಬ ಮುಟ್ಟುವಾಗ ಎಷ್ಟಾಯಿತು ನೋಡಿ. ಮಧ್ಯೆ ಬೇರೆಯವರು ನುಗ್ಗುತ್ತಾರೆ. ನುಗ್ಗಲಿ, ಮತ್ತೆ ಹಿಂದೆ ಸರಿಯಿರಿ.

ಎಬಿಎಸ್ ಇದ್ದರೆ ತುರ್ತಿನಲ್ಲಿ ಬ್ರೇಕನ್ನು ಗಟ್ಟಿಯಾಗಿ ಒತ್ತಿ ಹಿಡಿಯಿರಿ. ಚಕ್ರ ಬಿಗಿದುಕೊಂಡು ಜಾರದಂತೆ ತಡೆಯುವ ವ್ಯವಸ್ಥೆ ಅದು. ಪೆಡಲ್ ಕಾಲಿಗೆ ಕಟಕಟ ಹೊಡೆಯುತ್ತದೆ, ಕೆಳಗಿನಿಂದ ಸದ್ದೂ ಬರುತ್ತದೆ. ಹೆದರಿ ಕಾಲು ತೆಗೆಯುವವರು ತುಂಬಾ ಜನ. ತೆಗೆಯಬೇಡಿ. ಇನ್ನೊಂದು ಗೊತ್ತಿರಲಿ: ಎಬಿಎಸ್ ಇರುವುದು ಬ್ರೇಕ್ ಹಿಡಿದಾಗಲೂ ಸ್ಟೇರಿಂಗ್ ಕೆಲಸ ಮಾಡಲಿ ಎಂದು. ಸಡಿಲ ಹಿಮದಲ್ಲಿ ಅದರಿಂದ ನಿಲ್ಲುವ ದೂರ ಹೆಚ್ಚೂ ಆಗಬಹುದು. ಎಬಿಎಸ್ ಇಲ್ಲದ ಹಳೆಯ ಕಾರಾದರೆ ಒತ್ತಿ, ಚಕ್ರ ಬಿಗಿದುಕೊಂಡಿತು ಅನ್ನಿಸಿದ ಕೂಡಲೇ ಸಡಿಲ ಬಿಡಿ, ಮತ್ತೆ ಒತ್ತಿ.

ಹಿಂಚಕ್ರದ ಕಾರಿಗೆ ಮಾತ್ರ ಸೇರಿದ ಎಚ್ಚರಿಕೆ ಇಲ್ಲಿದೆ. ಗೇರ್ ಇಳಿಸಿ ಎಂಜಿನ್ನಿನಿಂದಲೇ ವೇಗ ತಗ್ಗಿಸುವ ಅಭ್ಯಾಸ ಎಷ್ಟೋ ಜನಕ್ಕಿದೆ. ಮ್ಯಾನುಯಲ್ ಕಾರಿನಲ್ಲಿ ಮೂರರಿಂದ ಎರಡಕ್ಕೆ ಹಾಕಿ ಕ್ಲಚ್ ಫಟ್ ಎಂದು ಬಿಟ್ಟರೆ ಆ ಎಳೆತ ಹಿಂದಿನ ಎರಡು ಚಕ್ರಗಳ ಮೇಲೆ ಮಾತ್ರ ಬೀಳುತ್ತದೆ. ಹ್ಯಾಂಡ್‌ಬ್ರೇಕ್ ಎಳೆದಂತೆಯೇ ಆಗುತ್ತದೆ. ಕಾರು ಅಡ್ಡ ತಿರುಗಲು ಅಷ್ಟು ಸಾಕು. ಗೇರ್ ಇಳಿಸಲೇಬೇಕಾದರೆ ಎಕ್ಸಿಲರೇಟರನ್ನು ತುಸು ಒತ್ತಿ ಎಂಜಿನ್ ವೇಗ ಏರಿಸಿ, ಕ್ಲಚ್ ಮೆಲ್ಲಗೆ ಬಿಡಿ. ಅದೂ ನೇರ ರಸ್ತೆಯಲ್ಲಿ, ತಿರುವಿಗೆ ಬಹಳ ಮುಂಚೆ. ಎಕ್ಸಿಲರೇಟರಿನಿಂದ ಕಾಲನ್ನು ಥಟ್ಟನೆ ಎತ್ತಿದರೂ ಸ್ವಲ್ಪ ಮಟ್ಟಿಗೆ ಇದೇ ಆಗುತ್ತದೆ.

ಕಾರಿನ ವೇಗವನ್ನು ತಾನೇ ಒಂದೇ ಸಮ ಇಡುವ ಕ್ರೂಸ್ ಕಂಟ್ರೋಲ್ ಇದ್ದರೆ ಆಫ್ ಮಾಡಿ. ರಸ್ತೆ ಜಾರುತ್ತಿದೆ ಎಂದು ಅದಕ್ಕೆ ತಿಳಿಯುವಷ್ಟರಲ್ಲಿ ತಡವಾಗಿರುತ್ತದೆ.

6. ತಿರುವು

ನೇರ ಇರುವಾಗಲೇ ಬ್ರೇಕ್ ಹಾಕಿ ಮುಗಿಸಿ. ಆಮೇಲೆ ತಿರುಗಿಸಿ. ತಿರುವಿನ ಉದ್ದಕ್ಕೂ ಎಕ್ಸಿಲರೇಟರ್ ಇದ್ದಷ್ಟೇ ಇರಲಿ, ಹೆಚ್ಚೂ ಬೇಡ ಕಡಿಮೆಯೂ ಬೇಡ. ಸ್ಟೇರಿಂಗ್ ನೇರಕ್ಕೆ ಬಂದ ಮೇಲಷ್ಟೇ ವೇಗ ಹೆಚ್ಚಿಸಿ. ತಿರುವು ಅರ್ಧ ಮುಗಿದಾಗಲೇ ಕಾಲು ಒತ್ತುವುದು ಹಿಂಚಕ್ರದ ಕಾರಿನಲ್ಲಿ ಅತಿ ಹೆಚ್ಚು ಜನ ಮಾಡುವ ತಪ್ಪು.

ಕೆಲವೊಮ್ಮೆ ಸ್ಟೇರಿಂಗ್ ತಿರುಗಿಸಿದರೂ ಕಾರು ನೇರ ಹೋಗುತ್ತದೆ. ಮುಂಚಕ್ರ ಹಿಡಿತ ಕಳೆದುಕೊಂಡಿದೆ, ಇದಕ್ಕೆ ಅಂಡರ್‌ಸ್ಟಿಯರ್ ಎನ್ನುತ್ತಾರೆ. ಇನ್ನೂ ಇನ್ನೂ ತಿರುಗಿಸಬೇಕು ಅನ್ನಿಸುತ್ತದೆ. ಅದರಿಂದ ಉಪಯೋಗವಿಲ್ಲ. ಕಾಲು ಹಗುರ ಮಾಡಿ, ಸ್ಟೇರಿಂಗನ್ನು ಸ್ವಲ್ಪ ಹಿಂದಕ್ಕೆ ಬಿಡಿ. ಟೈರ್ ಮತ್ತೆ ಕಚ್ಚಿದಾಗ ನಿಧಾನ ತಿರುಗಿಸಿ.

ಸೇತುವೆಗಳ ಮೇಲೆ ತುಂಬಾ ಹುಷಾರು. ಕೆಳಗಿನಿಂದಲೂ ಚಳಿಗಾಳಿ ಬೀಸುವುದರಿಂದ ಉಳಿದ ರಸ್ತೆಗಿಂತ ಮುಂಚೆ ಅಲ್ಲಿ ನೀರು ಹೆಪ್ಪುಗಟ್ಟುತ್ತದೆ. ಡಾಂಬರಿನ ಬಣ್ಣವೇ ಕಾಣುವಷ್ಟು ತೆಳುವಾದ ಮಂಜುಗಡ್ಡೆಗೆ ಬ್ಲ್ಯಾಕ್ ಐಸ್ ಎನ್ನುತ್ತಾರೆ. ರಸ್ತೆ ಒದ್ದೆಯಾದಂತೆ ಕಾಣುತ್ತದೆ, ಆದರೆ ಮುಂದಿನ ಗಾಡಿಯ ಚಕ್ರದಿಂದ ನೀರು ಹಾರುತ್ತಿಲ್ಲ. ಟೈರಿನ ಸದ್ದು ಇದ್ದಕ್ಕಿದ್ದಂತೆ ನಿಂತು ಸ್ಟೇರಿಂಗ್ ಹಗುರಾಗುತ್ತದೆ. ಆಗ ಏನೂ ಮಾಡದೆ ದಾಟುವುದೇ ಸರಿ. ಉಷ್ಣತೆ ಸೊನ್ನೆಯ ಆಸುಪಾಸಿನಲ್ಲಿದ್ದಾಗ ಜಾರಿಕೆ ಅತಿ ಹೆಚ್ಚು, ಯಾಕೆಂದರೆ ಗಡ್ಡೆಯ ಮೇಲೆ ನೀರಿನ ಪದರ ಇರುತ್ತದೆ. ಮೈನಸ್ 15ರ ಚಳಿಗಿಂತ ಸೊನ್ನೆಯ ದಿನವೇ ನನಗೆ ಹೆಚ್ಚು ಭಯ.

7. ಹಿಂಭಾಗ ಜಾರಿದಾಗ

ಇದಕ್ಕೆ ಓವರ್‌ಸ್ಟಿಯರ್ ಎಂದು ಹೆಸರು. ಕಣ್ಣಿಗೆ ಕಾಣುವ ಮೊದಲೇ ಸೀಟಿನ ಮೇಲಿರುವ ನಿಮ್ಮ ಸೊಂಟಕ್ಕೆ ಗೊತ್ತಾಗುತ್ತದೆ. ಯಾರೋ ಕುರ್ಚಿಯನ್ನು ಪಕ್ಕಕ್ಕೆ ಎಳೆದ ಹಾಗೆ. ಆಮೇಲೆ ಬಾನೆಟ್ ರಸ್ತೆಯ ಒಂದು ಅಂಚಿನ ಕಡೆಗೆ ತಿರುಗುವುದು ಕಾಣುತ್ತದೆ.

ಮೊದಲು, ಎಕ್ಸಿಲರೇಟರಿನಿಂದ ಕಾಲನ್ನು ಹಿಂದೆ ತೆಗೆಯಿರಿ. ಬೇಗ ತೆಗೆಯಿರಿ, ಆದರೆ ಕಿತ್ತುಕೊಂಡಂತೆ ಬೇಡ. ಮ್ಯಾನುಯಲ್ ಆದರೆ ಕ್ಲಚ್ ಒತ್ತಿ, ಹಿಂಚಕ್ರ ಎಂಜಿನ್ನಿನಿಂದ ಬಿಡುಗಡೆಯಾಗಿ ತಾನೇ ಉರುಳುತ್ತದೆ. ಬ್ರೇಕ್ ಮುಟ್ಟಬೇಡಿ.

ಅದೇ ಹೊತ್ತಿಗೆ, ನೀವು ಹೋಗಬೇಕಾದ ಕಡೆ ನೋಡಿ. ಗುದ್ದುತ್ತೇನೇನೋ ಅನ್ನಿಸುವ ಮರವನ್ನಲ್ಲ, ಖಾಲಿ ರಸ್ತೆಯನ್ನು. ಕಣ್ಣು ಹೋದ ಕಡೆ ಕೈ ಹೋಗುತ್ತದೆ. ಸ್ಟೇರಿಂಗನ್ನು ಆ ಕಡೆಗೆ ತಿರುಗಿಸಿ. ಕಾರಿನ ಹಿಂಭಾಗ ಬಲಕ್ಕೆ ಜಾರಿದರೆ ಸ್ಟೇರಿಂಗ್ ಬಲಕ್ಕೆ, ಎಡಕ್ಕೆ ಜಾರಿದರೆ ಎಡಕ್ಕೆ.

ಕೊನೆಯದನ್ನು ಹೆಚ್ಚಿನವರು ಮರೆಯುತ್ತಾರೆ, ಅಪಘಾತ ಆಗುವುದೂ ಹೆಚ್ಚಾಗಿ ಇಲ್ಲೇ. ಹಿಂಭಾಗ ವಾಪಸ್ ಬರಲು ಶುರುವಾದ ಕ್ಷಣವೇ ಸ್ಟೇರಿಂಗನ್ನು ನೇರಕ್ಕೆ ತನ್ನಿ. ಪೂರ್ತಿ ಬರಲಿ ಎಂದು ಕಾಯಬೇಡಿ. ನಾನು ಮೊದಲ ಸಲ ಜಾರಿದಾಗ ಬಲಕ್ಕೆ ಸರಿಯಾಗಿಯೇ ತಿರುಗಿಸಿದ್ದೆ. ಕಾರು ನೇರವಾಯಿತು. ಅಬ್ಬಾ ಅಂದುಕೊಳ್ಳುವಷ್ಟರಲ್ಲಿ, ಇನ್ನೂ ಬಲಕ್ಕೇ ತಿರುಗಿದ್ದ ಮುಂಚಕ್ರ ಹಿಡಿತ ಹಿಡಿದು, ಹಿಂಭಾಗ ತೊಟ್ಟಿಲಿನಂತೆ ಎಡಕ್ಕೆ ಬೀಸಿತು. ಈ ಎರಡನೇ ಜಾರಿಕೆ ಮೊದಲನೆಯದಕ್ಕಿಂತ ಜೋರು. ಪಕ್ಕದ ಹಿಮದ ದಿಬ್ಬಕ್ಕೆ ಹೋಗಿ ನಿಂತೆ. ಮೊದಲ ಜಾರಿಕೆಯಿಂದ ಆಗದ್ದು ಎರಡನೆಯದರಿಂದ ಆಯಿತು.

ಮುಂಚಕ್ರದ ಕಾರು ಓಡಿಸಿ ಅಭ್ಯಾಸ ಇರುವವರು ಇಲ್ಲಿ ಗಮನವಿಡಿ. ಹಿಂಭಾಗ ಜಾರಿದಾಗ ಸ್ವಲ್ಪ ಎಕ್ಸಿಲರೇಟರ್ ಕೊಟ್ಟು ನೇರ ಮಾಡಿಕೊಳ್ಳುವುದನ್ನು ನೀವು ಕಲಿತಿರಬಹುದು. ಅಲ್ಲಿ ಮುಂಚಕ್ರ ಎಳೆಯುತ್ತದೆ, ಹಾಗಾಗಿ ನಡೆಯುತ್ತದೆ. ಹಿಂಚಕ್ರದ ಕಾರಿನಲ್ಲಿ ಅದೇ ಮಾಡಿದರೆ ಪೂರ್ತಿ ಸುತ್ತು ತಿರುಗುತ್ತೀರಿ.

ಕೈಮೀರಿ ಹೋಯಿತು, ಕಾರು ಆಗಲೇ ಅಡ್ಡ ತಿರುಗಿದೆ ಅನ್ನಿಸಿದರೆ ಕ್ಲಚ್ ಮತ್ತು ಬ್ರೇಕ್ ಎರಡನ್ನೂ ಪೂರ್ತಿ ಒತ್ತಿ ಹಿಡಿಯಿರಿ. ಆಗ ವೇಗ ತಗ್ಗಿಸುವುದೊಂದೇ ಉಳಿದ ಕೆಲಸ.

ಇಎಸ್‌ಸಿ, ಅಂದರೆ ಜಾರುವ ಕಾರನ್ನು ಹತೋಟಿಗೆ ತರುವ ವ್ಯವಸ್ಥೆ, ಇರುವ ಕಾರುಗಳಲ್ಲಿ ಈ ಕೆಲಸದಲ್ಲಿ ದೊಡ್ಡ ಪಾಲನ್ನು ಕಂಪ್ಯೂಟರ್ ಮಾಡುತ್ತದೆ. ಕಾರು ನೀವು ಹೇಳಿದ ದಿಕ್ಕು ಬಿಟ್ಟಿತು ಎಂದು ಗೊತ್ತಾದ ಕೂಡಲೇ ಬೇಕಾದ ಒಂದು ಚಕ್ರಕ್ಕೆ ಮಾತ್ರ ಬ್ರೇಕ್ ಹಾಕಿ ನೇರ ಮಾಡುತ್ತದೆ. ಅಮೆರಿಕದಲ್ಲಿ 2012ರ ಮಾದರಿಯಿಂದ, ಯುರೋಪಿನಲ್ಲಿ 2014ರ ನವೆಂಬರ್‌ನಿಂದ ಹೊಸ ಕಾರುಗಳಿಗೆಲ್ಲ ಇದು ಕಡ್ಡಾಯ. ಆದರೂ ಸ್ಟೇರಿಂಗ್ ಯಾವ ಕಡೆ ಎಂದು ಹೇಳಬೇಕಾದದ್ದು ನೀವೇ. ಇಲ್ಲದ ಹಿಡಿತವನ್ನು ಅದು ತಂದುಕೊಡುವುದಿಲ್ಲ.

ಇದನ್ನೆಲ್ಲ ಓದಿ ಕಲಿಯಲು ಆಗುವುದಿಲ್ಲ, ಕೈಗೆ ಬರಬೇಕು. ಹಿಮ ಬಿದ್ದ, ಕಂಬ, ಗೋಡೆ, ಜನ ಯಾರೂ ಇಲ್ಲದ ದೊಡ್ಡ ಖಾಲಿ ಜಾಗ ಹುಡುಕಿ. ಜಾಗದವರ ಒಪ್ಪಿಗೆ ಕೇಳಿ. 20 ಕಿ.ಮೀ. ವೇಗದಲ್ಲಿ ಬ್ರೇಕ್ ಒತ್ತಿ ಎಬಿಎಸ್ ಕಾಲಿಗೆ ಹೇಗೆ ಹೊಡೆಯುತ್ತದೆ ನೋಡಿ. ದುಂಡಗೆ ಸುತ್ತುತ್ತಾ ಮೆಲ್ಲಗೆ ಎಕ್ಸಿಲರೇಟರ್ ಒತ್ತಿ, ಸೊಂಟಕ್ಕೆ ಜಾರಿಕೆ ಹೇಗೆ ತಿಳಿಯುತ್ತದೆ ಗಮನಿಸಿ. ಒಂದು ಗಂಟೆ ಸಾಕು. ಹಿಮ ತರಬೇತಿ ಕೊಡುವ ಶಾಲೆ ಹತ್ತಿರ ಇದ್ದರೆ ಇನ್ನೂ ಒಳ್ಳೆಯದು.

8. ಏರು ಮತ್ತು ಇಳಿಜಾರು

ಏರಿನಲ್ಲಿ ನಿಮ್ಮ ಕಾರಿಗೆ ಒಂದು ಅನುಕೂಲ ಇದೆ. ಮುಂದಕ್ಕೆ ಹತ್ತುವಾಗ ಭಾರ ಹಿಂದಕ್ಕೆ, ಅಂದರೆ ತಳ್ಳುವ ಚಕ್ರಗಳ ಮೇಲೆಯೇ ಬರುತ್ತದೆ. ಹಾಗಾಗಿ ಹಿಂಚಕ್ರದ ಕಾರಿನಲ್ಲಿ ರಿವರ್ಸ್ ಹಾಕಿಕೊಂಡು ಏರು ಹತ್ತಲು ನೋಡಬೇಡಿ. ಅದು ಮುಂಚಕ್ರದ ಕಾರಿನವರ ಉಪಾಯ.

ಏರಿನ ಬುಡದಲ್ಲೇ ಬೇಕಾದಷ್ಟು ವೇಗ ಹಿಡಿದು, ಅದನ್ನೇ ಸಮನಾಗಿ ಉಳಿಸಿಕೊಂಡು ಹೋಗಿ. ಮುಂದಿನ ಗಾಡಿ ಪೂರ್ತಿ ಹತ್ತಿದ ಮೇಲೆ ನೀವು ಹೊರಡಿ, ಮಧ್ಯದಲ್ಲಿ ನಿಂತರೆ ಮತ್ತೆ ಎತ್ತುವುದು ಕಷ್ಟ. ಚಕ್ರ ತಿರುಗತೊಡಗಿ ಕಾರು ನಿಂತೇಹೋದರೆ ಇನ್ನೂ ಒತ್ತಬೇಡಿ. ಕೆಳಗಿನ ಹಿಮ ಕರಗಿ ಗಾಜಿನಂತಾಗುತ್ತದೆ. ಮೆಲ್ಲಗೆ ಹಿಂದಕ್ಕೆ ಇಳಿದು ಮತ್ತೆ ಪ್ರಯತ್ನಿಸಿ.

ಇಳಿಜಾರಿನಲ್ಲಿ ಇದು ಉಲ್ಟಾ. ಹಿಂಭಾಗ ಹಗುರಾಗುತ್ತದೆ. ಇಳಿಯುವ ಮುಂಚೆಯೇ ಕಡಿಮೆ ಗೇರಿಗೆ ಬನ್ನಿ, ನಡೆಯುವ ವೇಗದಲ್ಲಿ ಶುರು ಮಾಡಿ, ಬ್ರೇಕನ್ನು ಹಗುರವಾಗಿ ಬಳಸಿ. ಎಂಜಿನ್ನಿನ ಎಳೆತಕ್ಕೇ ಹಿಂಭಾಗ ಅಲುಗಾಡಿದರೆ ಕ್ಲಚ್ ಒತ್ತಿ ಅಥವಾ ನ್ಯೂಟ್ರಲ್‌ಗೆ ಹಾಕಿ, ಬ್ರೇಕಿನಿಂದಲೇ ನಿಭಾಯಿಸಿ. ಬ್ರೇಕ್ ನಾಲ್ಕು ಚಕ್ರಕ್ಕೂ ಹಂಚಿಹೋಗುತ್ತದೆ.

ಬೆಟ್ಟದ ರಸ್ತೆಯಲ್ಲಿ ಹಿಡಿತಕ್ಕಾಗಿ ಟೈರಿನ ಸುತ್ತ ಚೈನ್ ಕಟ್ಟಬೇಕಾಗಿ ಬಂದರೆ ಹಿಂದಿನ ಎರಡು ಚಕ್ರಗಳಿಗೆ ಕಟ್ಟಿ. ಸ್ವಲ್ಪ ದೂರ ಹೋಗಿ, ನಿಲ್ಲಿಸಿ, ಮತ್ತೆ ಬಿಗಿ ಮಾಡಿ. ಸಾಮಾನ್ಯವಾಗಿ 50 ಕಿ.ಮೀ. ವೇಗ ಮೀರಬಾರದು, ಚೈನಿನ ಪೊಟ್ಟಣದ ಮೇಲೆ ಕಡಿಮೆ ಬರೆದಿದ್ದರೆ ಅಷ್ಟೇ. ಹಿಂದೆ ಚೈನ್ ಇದ್ದರೂ ಮುಂಚಕ್ರಕ್ಕೆ ಇಲ್ಲ ಎಂಬುದು ನೆನಪಿರಲಿ. ಕಾರು ಹತ್ತುವಷ್ಟು ಚೆನ್ನಾಗಿ ತಿರುಗುವುದಿಲ್ಲ. ಮನೆಯಲ್ಲಿ ಒಣ ನೆಲದ ಮೇಲೆ ಒಮ್ಮೆ ಕಟ್ಟಿ ಬಿಚ್ಚಿ ಕಲಿತಿರಿ. ಕತ್ತಲಲ್ಲಿ, ಮರಗಟ್ಟಿದ ಬೆರಳಿನಲ್ಲಿ ಮೊದಲ ಪಾಠ ಬೇಡ.

9. ಹಿಮದಲ್ಲಿ ಸಿಕ್ಕಿಬಿದ್ದರೆ

ಕಾಲು ಎತ್ತಿ. ಇನ್ನೂ ತಿರುಗಿಸಿದಷ್ಟೂ ಚಕ್ರ ತನ್ನ ಗುಂಡಿಯನ್ನು ತಾನೇ ತೋಡಿಕೊಳ್ಳುತ್ತದೆ. ಇಳಿದು ಹಿಂಚಕ್ರಗಳ ಮುಂದಿನ ಮತ್ತು ಹಿಂದಿನ ಹಿಮ ತೆಗೆಯಿರಿ. ಕಾರಿನ ಹೊಟ್ಟೆ ಹಿಮದ ಮೇಲೆ ಕೂತಿದ್ದರೆ ಅದನ್ನೂ ಕೆರೆಯಿರಿ. ಸೈಲೆನ್ಸರ್ ಪೈಪ್ ಇನ್ನೊಮ್ಮೆ ನೋಡಿ. ಹಿಂಚಕ್ರದ ಮುಂದೆ ಮರಳು ಸುರಿಯಿರಿ. ಕಾರಿನ ರಬ್ಬರ್ ಮ್ಯಾಟ್ ಹಾಕಿದರೂ ಆಗುತ್ತದೆ, ಆದರೆ ಆಗ ಹಿಂದೆ ಯಾರೂ ನಿಂತಿರಬಾರದು. ಮ್ಯಾಟ್ ಬಾಣದಂತೆ ಹಾರುತ್ತದೆ.

ಇಲ್ಲಿ ಮಾತ್ರ ಟ್ರ್ಯಾಕ್ಷನ್ ಕಂಟ್ರೋಲ್ ಆಫ್ ಮಾಡಬಹುದು. ಅದು ಶಕ್ತಿಯನ್ನು ಪೂರ್ತಿ ಕತ್ತರಿಸಿ ಕಾರು ಜರುಗದಂತೆ ಮಾಡುತ್ತಿರುತ್ತದೆ. ಎರಡನೇ ಗೇರ್, ರಿವರ್ಸ್, ಮತ್ತೆ ಎರಡನೇ ಗೇರ್, ಹೀಗೆ ಮೆಲ್ಲಗೆ ಹಿಂದೆ ಮುಂದೆ ತೂಗಿ. ಗೇರ್ ಬದಲಿಸುವ ಮುಂಚೆ ಚಕ್ರ ನಿಂತಿರಬೇಕು. ಆಟೋಮ್ಯಾಟಿಕ್ ಆದರೆ ನಾಲ್ಕೈದು ಸಲಕ್ಕಿಂತ ಹೆಚ್ಚು ಬೇಡ, ಗೇರ್‌ಬಾಕ್ಸ್ ಬಿಸಿಯೇರುತ್ತದೆ. ಹೊರಬಂದ ಕೂಡಲೇ ಟ್ರ್ಯಾಕ್ಷನ್ ಕಂಟ್ರೋಲ್ ಮತ್ತೆ ಆನ್ ಮಾಡಿ.

ಸಹಾಯ ಬರುವವರೆಗೆ ಕಾಯಬೇಕಾದರೆ ಕಾರಿನಲ್ಲೇ ಇರಿ. ಎಂಜಿನ್ ಆಗಾಗ ಸ್ವಲ್ಪ ಹೊತ್ತು ಮಾತ್ರ ಓಡಿಸಿ. ಪ್ರತಿ ಸಲವೂ ಪೈಪ್ ನೋಡಿದ ಮೇಲೆ, ಕಿಟಕಿ ತುಸು ತೆರೆದಿಟ್ಟು.

10. ಹಿಂಚಕ್ರದ ಎಲೆಕ್ಟ್ರಿಕ್ ಕಾರಾದರೆ

ಎಕ್ಸಿಲರೇಟರ್ ಬಿಟ್ಟಾಗ ಮೋಟರ್ ತಾನೇ ಬ್ರೇಕಿನಂತೆ ಕೆಲಸ ಮಾಡಿ ಬ್ಯಾಟರಿ ತುಂಬಿಸುತ್ತದಲ್ಲ, ಅದು ರೀಜೆನ್. ಆ ಎಳೆತ ಹಿಂಚಕ್ರಗಳಿಗೆ ಮಾತ್ರ ಬೀಳುತ್ತದೆ. ಗೇರ್ ಇಳಿಸುವ ಬಗ್ಗೆ ಮೇಲೆ ಹೇಳಿದ್ದು ಇದಕ್ಕೂ ಅನ್ವಯ. ಮೆನುವಿನಲ್ಲಿ ರೀಜೆನ್ ಕಡಿಮೆ ಮಾಡಲು ಅವಕಾಶವಿದ್ದರೆ ಹಿಮದ ದಿನ ಕಡಿಮೆ ಮಾಡಿ. ಮೋಟರ್ ತುಂಬಾ ಬೇಗ ಸ್ಪಂದಿಸುವುದರಿಂದ ಟ್ರ್ಯಾಕ್ಷನ್ ಕಂಟ್ರೋಲ್ ಚೆನ್ನಾಗಿ ಕೆಲಸ ಮಾಡುತ್ತದೆ. ಆದರೆ ಬ್ಯಾಟರಿಯ ಭಾರವೂ ಇದೆ. ಜಾರಲು ಶುರುವಾದರೆ ಆ ಭಾರವನ್ನೆಲ್ಲ ನಿಲ್ಲಿಸಬೇಕು.

11. ಪಾರ್ಕ್ ಮಾಡುವಾಗ

ನಾಳೆ ಹೇಗೆ ಹೊರಡುತ್ತೀರಿ ಎಂದು ಯೋಚಿಸಿ ಇಂದು ನಿಲ್ಲಿಸಿ. ಹಿಂದಿನ ಎರಡು ಚಕ್ರಗಳು ಗುಡಿಸಿದ, ಗಟ್ಟಿ ನೆಲದ ಮೇಲೆ ಇರಲಿ. ಮುಂಚಕ್ರ ಸ್ವಲ್ಪ ಹಿಮದಲ್ಲಿದ್ದರೂ ನಡೆಯುತ್ತದೆ. ಹೊರಬರಲು ಏರು ಹತ್ತಬೇಕಾದ ಜಾಗವಾದರೆ ಕಾರಿನ ಮುಖ ಏರಿನ ಕಡೆಗೇ ಇರುವಂತೆ ನಿಲ್ಲಿಸಿ. ಹ್ಯಾಂಡ್‌ಬ್ರೇಕ್ ಒದ್ದೆಯಾಗಿದ್ದರೆ ರಾತ್ರಿ ಹೆಪ್ಪುಗಟ್ಟಿ ಹಿಂಚಕ್ರ ಕಚ್ಚಿಕೊಳ್ಳಬಹುದು. ಸಮತಟ್ಟು ಜಾಗದಲ್ಲಿ ಗೇರಿನಲ್ಲಿ ಅಥವಾ "ಪಿ"ಯಲ್ಲಿ ಬಿಟ್ಟು ಚಕ್ರಕ್ಕೊಂದು ಅಡೆ ಇಟ್ಟರೆ ಸಾಕು. ಇಳಿಜಾರಿನಲ್ಲಾದರೆ ಹ್ಯಾಂಡ್‌ಬ್ರೇಕ್ ಹಾಕಲೇಬೇಕು. ಬೆಳಿಗ್ಗೆ ಕಾರು ಜರುಗದೆ ಹಿಂಭಾಗ ಕುಗ್ಗಿದಂತೆ ಅನ್ನಿಸಿದರೆ ಒತ್ತಾಯ ಮಾಡಬೇಡಿ. ಮುಂದಕ್ಕೂ ಹಿಂದಕ್ಕೂ ಒಂದೊಂದು ಸಲ ಮೆಲ್ಲಗೆ ಅಲುಗಾಡಿಸಿ. ಹೆಚ್ಚಾಗಿ ಟಪ್ ಎಂದು ಬಿಟ್ಟುಕೊಳ್ಳುತ್ತದೆ.